ಇಪ್ಪತ್ತೈದು ಸಾವಿರದ ಟ್ರೆಡ್‌ಮಿಲ್ಲೋ, ಎರಡು ಲಕ್ಷದ್ದೋ?

ಅಂಗಡಿಯಲ್ಲಿ ಎರಡನ್ನೂ ಅಕ್ಕಪಕ್ಕ ನಿಲ್ಲಿಸಿ ಐದು ನಿಮಿಷ ನಡೆದರೆ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ಎರಡರಲ್ಲೂ ಬೆಲ್ಟು ತಿರುಗುತ್ತದೆ, ಪರದೆಯ ಮೇಲೆ ಅಂಕಿ ಓಡುತ್ತದೆ. ವ್ಯತ್ಯಾಸ ಗೊತ್ತಾಗುವುದು ಮೂವತ್ತನೇ ನಿಮಿಷದಲ್ಲಿ, ಅದೂ ತೊಂಬತ್ತು ಕೆ.ಜಿ.ಯ ಮನುಷ್ಯ ಮೇಲಿರುವಾಗ. ಅಷ್ಟರಲ್ಲಿ ಅಗ್ಗದ ಯಂತ್ರದ ಮೂತಿಯ ಕವರ್ ಮುಟ್ಟಿದರೆ ಬಿಸಿ ತಾಗುತ್ತದೆ, ಕೆಲವೊಮ್ಮೆ ಸುಟ್ಟ ರಬ್ಬರಿನ ವಾಸನೆಯೂ ಬರುತ್ತದೆ. ದುಬಾರಿ ಯಂತ್ರಕ್ಕೆ ಕೊಡುವ ಹೆಚ್ಚಿನ ದುಡ್ಡಿನಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುವ ಪಾಲು ಈ ಬಿಸಿಯನ್ನು ತಡೆದುಕೊಳ್ಳುವ ಮೋಟಾರು, ಬೆಲ್ಟನ್ನು ಉರುಳಿಸುವ ರೋಲರು, ಬೆಲ್ಟಿನ ಕೆಳಗಿನ ಹಲಗೆ ಮತ್ತು ಮೋಟಾರಿನ ವೇಗ ನಿಯಂತ್ರಿಸುವ ಕಂಟ್ರೋಲ್ ಬೋರ್ಡಿಗೆ ಹೋಗುತ್ತದೆ. ಉಳಿದದ್ದು ಪರದೆ, ಸ್ಪೀಕರು, ಆ್ಯಪು.

ಆದ್ದರಿಂದ ಮಾಡೆಲ್ ಹುಡುಕುವ ಮೊದಲು ಒಂದು ಕಾಗದದ ಮೇಲೆ ಮೂರು ವಿಷಯ ಬರೆದುಕೊಳ್ಳಿ. ಮನೆಯಲ್ಲಿ ಬಳಸುವವರಲ್ಲಿ ಅತಿ ಹೆಚ್ಚು ತೂಕದವರ ತೂಕ ಎಷ್ಟು? ನಡೆಯುತ್ತಾರೋ, ಓಡುತ್ತಾರೋ? ಎಲ್ಲರದ್ದೂ ಸೇರಿ ವಾರಕ್ಕೆ ಎಷ್ಟು ಗಂಟೆ? ಅಮ್ಮ ಅರವತ್ತು ಕೆ.ಜಿ., ದಿನಕ್ಕೆ ಅರ್ಧ ಗಂಟೆ ಗಂಟೆಗೆ 4-5 ಕಿ.ಮೀ. ವೇಗದಲ್ಲಿ ನಡೆಯುತ್ತಾರೆ ಎಂದರೆ ಅದು ಹಗುರ ಕೆಲಸ. ಮಗ ತೊಂಬತ್ತೆರಡು ಕೆ.ಜಿ., ವಾರಕ್ಕೆ ನಾಲ್ಕು ದಿನ ನಲವತ್ತು ನಿಮಿಷ ಓಡುತ್ತಾನೆ ಎಂದರೆ ಬೇರೆಯೇ ಕಥೆ.

ಎಚ್‌ಪಿ ಲೆಕ್ಕದ ಚಮತ್ಕಾರ

ಎಚ್‌ಪಿ ಎಂದರೆ ಹಾರ್ಸ್‌ಪವರ್, ಮೋಟಾರಿನ ಶಕ್ತಿಯ ಅಳತೆ. ಜಾಹೀರಾತಿನಲ್ಲಿ ದೊಡ್ಡಕ್ಷರದಲ್ಲಿ ಬರೆದಿರುವುದು ಬಹುಪಾಲು 'ಪೀಕ್' ಎಚ್‌ಪಿ. ಮೋಟಾರು ಕೆಲವೇ ಕ್ಷಣ ಎಗರಿ ಕೊಡಬಲ್ಲ ಶಕ್ತಿ ಅದು. ನಿಮಗೆ ಬೇಕಾದದ್ದು ನಿರಂತರ ಎಚ್‌ಪಿ, ಅಂದರೆ ಗಂಟೆಗಟ್ಟಲೆ ಬಿಸಿಯಾಗಿ ಕೂರದೆ ಕೊಡುವ ಶಕ್ತಿ. 'ಸಿಎಚ್‌ಪಿ' ಅಥವಾ 'ಕಂಟಿನ್ಯುಯಸ್' ಎಂದು ಬರೆದಿರದಿದ್ದರೆ ಅದು ಪೀಕ್ ಎಂದೇ ತಿಳಿಯಿರಿ.

ಸೇಲ್ಸ್‌ನವರನ್ನು ಕೇಳುವ ಬದಲು ಪ್ಲಗ್ಗನ್ನೇ ನೋಡಬಹುದು. ಒಂದು ಎಚ್‌ಪಿ ಎಂದರೆ 746 ವ್ಯಾಟ್. ನಮ್ಮ ಮನೆಯ ಕರೆಂಟು 230 ವೋಲ್ಟ್. ಚಿಕ್ಕ ಮೂರು ಪಿನ್ನಿನ 6 ಆಂಪ್ ಪ್ಲಗ್ಗಿನಲ್ಲಿ ಹೆಚ್ಚೆಂದರೆ 1,380 ವ್ಯಾಟ್ ಹರಿಯಬಹುದು. ಅದು ಒಳಗೆ ಹೋಗುವ ಲೆಕ್ಕದಲ್ಲೇ ಎರಡು ಎಚ್‌ಪಿಗಿಂತ ಕಡಿಮೆ, ಬಿಸಿಯಾಗಿ ಕಳೆದುಹೋಗುವುದನ್ನು ತೆಗೆದರೆ ಬೆಲ್ಟಿಗೆ ಸಿಗುವುದು ಒಂದೂವರೆಯ ಆಸುಪಾಸು. ಡಬ್ಬದ ಮೇಲೆ '4 ಎಚ್‌ಪಿ' ಎಂದಿದ್ದು ತುದಿಯಲ್ಲಿ 6 ಆಂಪ್ ಪ್ಲಗ್ಗಿದ್ದರೆ ಮಿಕ್ಕದ್ದನ್ನು ನೀವೇ ಊಹಿಸಿಕೊಳ್ಳಿ. ಇನ್ನೂ ಖಚಿತ ಬೇಕೆಂದರೆ ಮುಂದಿನ ಕವರ್ ತೆಗೆಸಿ ಮೋಟಾರಿನ ಮೇಲಿನ ಚೀಟಿ ಓದಿ. 180 ವೋಲ್ಟ್ ಡಿಸಿ, 7 ಆಂಪ್ ಎಂದಿದ್ದರೆ ಗುಣಿಸಿ: 1,260 ವ್ಯಾಟ್. ಚೀಟಿಯಲ್ಲಿ ಆಂಪ್ ಇಲ್ಲದೆ ಬರೀ ಎಚ್‌ಪಿ ಇದ್ದರೆ ಆ ಅಂಕಿಗೆ ಬೆಲೆ ಕೊಡಬೇಡಿ.

ಬರೀ ನಡಿಗೆಗೆ ನಿರಂತರ ಒಂದೂವರೆ ಎಚ್‌ಪಿ ಸಾಕು. ಜಾಗಿಂಗಿಗೆ ಎರಡರಿಂದ ಎರಡೂವರೆ, ಓಟಕ್ಕೆ ಮೂರು. ಇದರಲ್ಲಿ ಜನ ತಪ್ಪು ತಿಳಿಯುವುದು ಒಂದಿದೆ: ನಿಧಾನವಾಗಿ ನಡೆದರೆ ಮೋಟಾರಿಗೆ ಸುಲಭ ಎಂಬುದು. ಭಾರದ ವ್ಯಕ್ತಿ ಗಂಟೆಗೆ 3 ಕಿ.ಮೀ. ವೇಗದಲ್ಲಿ ನಡೆಯುವಾಗ ಕಾಲು ಹೆಚ್ಚು ಹೊತ್ತು ಬೆಲ್ಟನ್ನು ಹಲಗೆಗೆ ಒತ್ತಿ ಹಿಡಿಯುತ್ತದೆ. ಮೋಟಾರು ನಿಧಾನ ತಿರುಗುವುದರಿಂದ ಅದರ ಬೆನ್ನಿಗಿರುವ ಫ್ಯಾನೂ ನಿಧಾನ. ಎಳೆತ ಜಾಸ್ತಿ, ಗಾಳಿ ಕಡಿಮೆ. ನೂರು ಕೆ.ಜಿ. ದಾಟಿದವರು 'ನಾನು ಬರೀ ವಾಕಿಂಗ್ ಮಾಡೋದು' ಎಂದು ಅಗ್ಗದ ಯಂತ್ರ ತಂದು ವರ್ಷದೊಳಗೆ ಬೋರ್ಡು ಸುಡಿಸಿಕೊಳ್ಳುವುದು ಹೀಗೆ. ಕಂಪನಿ ಹೇಳುವ ಗರಿಷ್ಠ ತೂಕಕ್ಕೂ ನಿಮ್ಮ ತೂಕಕ್ಕೂ ನಡುವೆ ಕನಿಷ್ಠ 20-25 ಕೆ.ಜಿ. ಅಂತರ ಇರಲಿ. 110 ಕೆ.ಜಿ. ಎಂದು ಬರೆದಿದ್ದರೆ ಅದು 85-90 ಕೆ.ಜಿ.ಯವರ ಯಂತ್ರ.

ಬೆಲ್ಟು, ಹಲಗೆ, ರೋಲರು

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವುದು ಟ್ರೆಡ್‌ಮಿಲ್ಲಿನಲ್ಲಿ ನಡೆಯುವುದಿಲ್ಲ. ಇಲ್ಲಿ ಕಾಲಿಗೆ ತಕ್ಕ ಹಾಸಿಗೆಯೇ ಬೇಕು. ಬಜೆಟ್ ಯಂತ್ರಗಳ ಬೆಲ್ಟು ಸಾಮಾನ್ಯವಾಗಿ 100ರಿಂದ 120 ಸೆಂ.ಮೀ. ಉದ್ದ, 40-42 ಸೆಂ.ಮೀ. ಅಗಲ. ನಡೆಯಲು ಸಾಕು. ಐದೂವರೆ ಅಡಿಯವರು ಜಾಗಿಂಗ್ ಮಾಡಲು 125-130 ಸೆಂ.ಮೀ. ಬೇಕು. ಓಡುವವರಿಗೆ 140 ಸೆಂ.ಮೀ. ಉದ್ದ, 50 ಸೆಂ.ಮೀ. ಅಗಲ. ಆರಡಿ ಆಳಿಗೆ 150. ಬೆಲ್ಟು ಗಿಡ್ಡವಾದರೆ ಓಡುವವರು ತಮಗೇ ಗೊತ್ತಿಲ್ಲದಂತೆ ಹೆಜ್ಜೆ ಕುಗ್ಗಿಸುತ್ತಾರೆ, ಮುಂದಿನ ಕವರಿಗೆ ಬೆರಳು ತಾಗಿಸಿಕೊಳ್ಳುತ್ತಾರೆ. ಅಳೆಯುವಾಗ ಯಂತ್ರದ ಒಟ್ಟು ಉದ್ದವನ್ನಲ್ಲ, ಕಾಲಿಡಲು ಸಿಗುವ ಕಪ್ಪು ಭಾಗವನ್ನು ಮಾತ್ರ ಟೇಪಿನಲ್ಲಿ ಅಳೆಯಿರಿ.

ಬೆಲ್ಟಿನ ಕೆಳಗಿರುವುದು ಎಂಡಿಎಫ್, ಅಂದರೆ ಮರದ ನಾರನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ. ಅಗ್ಗದ್ದರಲ್ಲಿ 12-15 ಮಿ.ಮೀ. ದಪ್ಪ, ದುಬಾರಿಯದರಲ್ಲಿ 18ರಿಂದ 25 ಮಿ.ಮೀ. ತೆಳು ಹಲಗೆ ಕಾಲಿಟ್ಟಲ್ಲಿ ಬಗ್ಗುತ್ತದೆ, ಮೇಲಿನ ನುಣುಪು ಪದರ ಸವೆದ ಮೇಲೆ ಬೆಲ್ಟಿನ ತಳವನ್ನು ಮರಳು ಕಾಗದದಂತೆ ತಿಕ್ಕುತ್ತದೆ. ಮಂಗಳೂರು, ಕಾರವಾರ, ಶಿವಮೊಗ್ಗದ ಕಡೆ ಮಳೆಗಾಲದ ತೇವಕ್ಕೆ ಎಂಡಿಎಫ್ ಅಂಚು ಉಬ್ಬುವುದೂ ಉಂಟು. ಜಗಲಿಯಲ್ಲೋ ಬಾಲ್ಕನಿಯಲ್ಲೋ ಇಡುವ ಯೋಚನೆ ಇದ್ದರೆ ಬೆಲೆ ಎಷ್ಟಿದ್ದರೂ ಬೇಡ.

ರೋಲರನ್ನು ಯಾರೂ ಕೇಳುವುದಿಲ್ಲ, ಕೇಳಬೇಕು. ಬಜೆಟ್ ಯಂತ್ರದಲ್ಲಿ ಅದರ ವ್ಯಾಸ 40 ಮಿ.ಮೀ. ಆಸುಪಾಸು, ಒಳ್ಳೆಯದರಲ್ಲಿ 60ರಿಂದ 80. ಗಂಟೆಗೆ 10 ಕಿ.ಮೀ. ವೇಗದಲ್ಲಿ 40 ಮಿ.ಮೀ. ರೋಲರು ನಿಮಿಷಕ್ಕೆ 1,300ಕ್ಕೂ ಹೆಚ್ಚು ಸುತ್ತು ತಿರುಗಬೇಕು, 80 ಮಿ.ಮೀ.ಯದ್ದು ಅದರ ಅರ್ಧ ತಿರುಗಿದರೆ ಸಾಕು. ಚಿಕ್ಕ ರೋಲರಿನ ಸುತ್ತ ಬೆಲ್ಟೂ ಚೂಪಾಗಿ ಮಡಿಯುತ್ತದೆ. ಬೇರಿಂಗ್ ಕಿರುಗುಟ್ಟುವುದು, ಬೆಲ್ಟಿನ ಜೋಡಣೆ ಬಿಚ್ಚಿಕೊಳ್ಳುವುದು ಈ ಕಾರಣಕ್ಕೆ.

ಇನ್‌ಕ್ಲೈನ್, ಅಂದರೆ ಬೆಲ್ಟಿನ ಮುಂಭಾಗ ಎತ್ತಿ ಏರು ಮಾಡುವ ವಿಚಾರ ಚುಟುಕಾಗಿ: ಅಗ್ಗದ್ದರಲ್ಲಿ ಹಿಂದಿನ ಕಾಲನ್ನು ಕೈಯಲ್ಲಿ ತಿರುಗಿಸುವ ಮೂರು ಹಂತ, ದುಬಾರಿಯದರಲ್ಲಿ ಗುಂಡಿ ಒತ್ತಿದರೆ ಏರುವ ವ್ಯವಸ್ಥೆ. '15 ಲೆವೆಲ್' ಎಂದರೆ ಶೇ 15ರ ಏರು ಎಂದಲ್ಲ. ಪೂರ್ತಿ ಏರಿಸಿ, 120 ಸೆಂ.ಮೀ. ಉದ್ದದಲ್ಲಿ ಮುಂಭಾಗ 6 ಸೆಂ.ಮೀ. ಎದ್ದಿದ್ದರೆ ಅದು ಶೇ 5 ಅಷ್ಟೆ. ಓಡಲು ಮಂಡಿ ಬಿಡದವರಿಗೆ ಶೇ 5-6ರ ಏರಿನಲ್ಲಿ ಬಿರುಸು ನಡಿಗೆ ಒಳ್ಳೆಯ ದಾರಿ. ಅಂಥವರು ಪರದೆಗೆ ಕೊಡುವ ದುಡ್ಡನ್ನು ಇದಕ್ಕೆ ಕೊಡಬಹುದು.

ದುಡ್ಡು ಕೊಡಬೇಕಿಲ್ಲದ ಸಂಗತಿಗಳು: ಸ್ಪೀಕರು, ಮಸಾಜರ್, ಟಮ್ಮಿ ಟ್ವಿಸ್ಟರ್, ಡಂಬೆಲ್. ಹಿಡಿಕೆಯಲ್ಲಿನ ನಾಡಿ ಬಡಿತದ ಪಟ್ಟಿ ಓಡುವಾಗ ಸರಿಯಾಗಿ ತೋರಿಸುವುದಿಲ್ಲ, ಎದೆಗೆ ಕಟ್ಟುವ ಪಟ್ಟಿ ವಾಸಿ. ಕ್ಯಾಲೊರಿ ಅಂಕಿ ಬರೀ ಅಂದಾಜು, ನಿಮ್ಮ ತೂಕವನ್ನೇ ಕೇಳದ ಯಂತ್ರ ಕ್ಯಾಲೊರಿ ಹೇಳಿದರೆ ನಕ್ಕು ಸುಮ್ಮನಾಗಿ. ದೊಡ್ಡ ಟಚ್ ಸ್ಕ್ರೀನ್ ಇದ್ದರೆ ತಿಂಗಳ ಚಂದಾ ಕಟ್ಟದೆಯೂ ವೇಗ, ಏರು ಬದಲಿಸಲು ಬರುತ್ತದೆಯೇ ಎಂದು ಕೊಳ್ಳುವ ಮೊದಲೇ ಕೇಳಿ.

ಅಂಗಡಿಯಲ್ಲಿ ಹದಿನೈದು ನಿಮಿಷದ ಪರೀಕ್ಷೆ

ಚಪ್ಪಲಿಯಲ್ಲಿ ಹೋಗಬೇಡಿ, ಓಡುವ ಶೂ ಹಾಕಿಕೊಂಡೇ ಹೋಗಿ. ಸಾಧ್ಯವಾದರೆ ಮನೆಯ ಅತಿ ಭಾರದವರನ್ನೇ ಕರೆದುಕೊಂಡು ಹೋಗಿ, ಜೊತೆಗೊಂದು ಸೀಮೆಸುಣ್ಣ ಮತ್ತು ಟೇಪು.

ಸ್ವಿಚ್ ಆಫ್ ಇರುವಾಗ ಬೆಲ್ಟಿನ ಅಂಚಿಗೆ ಸೀಮೆಸುಣ್ಣದ ಗುರುತು ಹಾಕಿ, ಕೈಯಲ್ಲಿ ಬೆಲ್ಟು ಎಳೆಯುತ್ತಾ ಒಂದು ಪೂರ್ತಿ ಸುತ್ತಿನ ಉದ್ದ ಅಳೆಯಿರಿ. 2.7 ಮೀಟರ್ ಬಂತು ಎನ್ನಿ. ಗಂಟೆಗೆ 6 ಕಿ.ಮೀ. ಎಂದರೆ ನಿಮಿಷಕ್ಕೆ 100 ಮೀಟರ್, ಅಂದರೆ ಗುರುತು ನಿಮಿಷಕ್ಕೆ 37 ಸಲ ಕಾಣಬೇಕು. ಮೊದಲು ಖಾಲಿ ಓಡಿಸಿ ಎಣಿಸಿ. ಆಮೇಲೆ ಭಾರದವರನ್ನು ನಡೆಸಿ, ಪಕ್ಕದಲ್ಲಿ ನಿಂತು ಎಣಿಸಿ. ಒಂದು ಸುತ್ತು ಆಚೀಚೆ ಪರವಾಗಿಲ್ಲ. 33-34ಕ್ಕೆ ಇಳಿದರೆ ಮೋಟಾರು ಏದುಸಿರು ಬಿಡುತ್ತಿದೆ ಎಂದರ್ಥ, ಪರದೆ ಮಾತ್ರ 6 ಎಂದೇ ತೋರಿಸುತ್ತಿರಬಹುದು. ಈ ಒಂದು ಎಣಿಕೆ ಹತ್ತು ಬ್ರೋಷರ್ ಓದಿದ್ದಕ್ಕಿಂತ ಹೆಚ್ಚು ಹೇಳುತ್ತದೆ.

ಆಮೇಲೆ ಹತ್ತು ನಿಮಿಷ ನಿಮ್ಮ ಮಾಮೂಲಿ ವೇಗದಲ್ಲಿ ನಡೆಯಿರಿ ಅಥವಾ ಓಡಿ. ಹಿಡಿಕೆ ಬಿಟ್ಟು ಓಡುವಾಗ ಎರಡು ಕಂಬ ಅಲ್ಲಾಡಿದರೆ ಮನೆಗೆ ಬಂದ ಮೇಲೂ ಅಲ್ಲಾಡುತ್ತವೆ. ಇಳಿದ ಕೂಡಲೇ ಮೋಟಾರು ಕವರಿನ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟಿದ್ದರೆ ಆ ಮಾಡೆಲ್ ಬಿಡಿ. ಕೊನೆಗೆ ಕೆಂಪು ಸೇಫ್ಟಿ ಕೀ ಎಳೆದು ನೋಡಿ. ಎಳೆದ ತಕ್ಷಣ ಮೋಟಾರಿನ ಕರೆಂಟು ಕಡಿದು ಬೆಲ್ಟು ನಿಲ್ಲಲೇಬೇಕು.

ಮನೆಯ ಕರೆಂಟು, ಮನೆಯ ಜಾಗ

ಟ್ರೆಡ್‌ಮಿಲ್ಲಿಗೆ ಬೇರೆಯದೇ ಪಾಯಿಂಟ್ ಇರಲಿ. ದುಬಾರಿ ಯಂತ್ರಕ್ಕೆ 16 ಆಂಪ್ ಸಾಕೆಟ್, ಪ್ರತ್ಯೇಕ ಎಂಸಿಬಿ (ಹೊರೆ ಮೀರಿದರೆ ತಾನೇ ಕರೆಂಟು ಕಡಿಯುವ ಸ್ವಿಚ್) ಬೇಕೇ ಬೇಕು. 16 ಆಂಪ್ ಪ್ಲಗ್ಗನ್ನು 6 ಆಂಪ್‌ಗೆ ಇಳಿಸುವ ಕನ್ವರ್ಟರ್ ಸಿಕ್ಕಿಸಿದರೆ ಪ್ಲಗ್ ಕರಗಬಹುದು. ಎಕ್ಸ್‌ಟೆನ್ಶನ್ ಬೋರ್ಡೂ ಬೇಡ. ಆ ಸಾಕೆಟ್ ಇನ್ವರ್ಟರ್ ಲೈನಿನಲ್ಲಿಲ್ಲ ಎಂದು ಎಲೆಕ್ಟ್ರಿಷಿಯನ್ ಹತ್ತಿರ ಖಾತ್ರಿ ಮಾಡಿಸಿಕೊಳ್ಳಿ. ದೀಪ, ಫ್ಯಾನಿಗೆಂದು ಹಾಕಿಸಿದ ಮನೆಯ ಇನ್ವರ್ಟರ್ ಈ ಹೊರೆ ತಡೆಯುವುದಿಲ್ಲ, ಕರೆಂಟು ಹೋಗಿ ಬರುವ ಹೊಡೆತ ಕಂಟ್ರೋಲ್ ಬೋರ್ಡಿಗೂ ಒಳ್ಳೆಯದಲ್ಲ. ಅರ್ಥಿಂಗ್ ಸರಿ ಇಲ್ಲದಿದ್ದರೆ ಹಿಡಿಕೆ ಮುಟ್ಟಿದಾಗ ಚುರ್ ಎನ್ನುತ್ತದೆ. ಕೆಲವರು ಯಂತ್ರವನ್ನು ಬೈಯುತ್ತಾರೆ, ತಪ್ಪು ಗೋಡೆಯೊಳಗಿರುತ್ತದೆ. ಪಂಪ್‌ಸೆಟ್ ಓಡುವ ಹೊತ್ತಿಗೆ ವೋಲ್ಟೇಜ್ 180-190ಕ್ಕೆ ಇಳಿಯುವ ಊರುಗಳಲ್ಲಿ ತಕ್ಕ ಸಾಮರ್ಥ್ಯದ ಸ್ಟೆಬಿಲೈಸರಿನ ಖರ್ಚನ್ನೂ ಬೆಲೆಗೆ ಸೇರಿಸಿಕೊಳ್ಳಿ. ಗುಡುಗು ಮಿಂಚು ಶುರುವಾದರೆ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕಿತ್ತಿಡಿ.

ಬಿಲ್ಲಿನ ಬಗ್ಗೆ ಬಹಳ ಹೆದರಬೇಕಿಲ್ಲ. ನಡಿಗೆಯಲ್ಲಿ ಸರಾಸರಿ 600 ವ್ಯಾಟ್ ಎಂದುಕೊಂಡರೆ ದಿನಕ್ಕೆ ಅರ್ಧ ಗಂಟೆಯಂತೆ ತಿಂಗಳಿಗೆ 9 ಯೂನಿಟ್. ಗೃಹಜ್ಯೋತಿಯಲ್ಲಿ ಇರುವವರು ತಮ್ಮ ಹಳೆಯ ಸರಾಸರಿಯ ಮೇಲೆ ಸಿಗುವ ಹೆಚ್ಚುವರಿ ಮಿತಿಯ ಅಂಚಿನಲ್ಲಿದ್ದರೆ ಮಾತ್ರ ಈ 9 ಯೂನಿಟ್ ಲೆಕ್ಕಕ್ಕೆ ಬರುತ್ತದೆ.

ಜಾಗದ ವಿಚಾರದಲ್ಲಿ ರಾಜಿ ಬೇಡ. ಹಿಂದೆ ಎರಡು ಮೀಟರ್, ಎರಡೂ ಪಕ್ಕ ಅರ್ಧ ಮೀಟರ್ ಖಾಲಿ ಇರಬೇಕು. ಬಿದ್ದವರು ಗೋಡೆಗೂ ಓಡುವ ಬೆಲ್ಟಿಗೂ ನಡುವೆ ಸಿಕ್ಕಿಕೊಂಡರೆ ಚರ್ಮ ಸುಲಿದುಹೋಗುತ್ತದೆ. ಬೆಲೆ ಹೆಚ್ಚಾದಷ್ಟೂ ಸುರಕ್ಷಿತ ಎಂಬ ಭ್ರಮೆಯೂ ಬೇಡ. 2021ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಪೆಲೊಟಾನ್ ಕಂಪನಿ ನಾಲ್ಕು ಸಾವಿರ ಡಾಲರಿಗೂ ಹೆಚ್ಚು ಬೆಲೆಯ ತನ್ನ ಟ್ರೆಡ್ ಪ್ಲಸ್ ಯಂತ್ರಗಳನ್ನು, ಸುಮಾರು 1,25,000ದಷ್ಟು, ವಾಪಸು ಕರೆಸಿಕೊಳ್ಳಬೇಕಾಯಿತು. ಹಿಂಬದಿಯಿಂದ ಮಕ್ಕಳು ಯಂತ್ರದ ಅಡಿಗೆ ಎಳೆಯಲ್ಪಟ್ಟಿದ್ದರು, ಒಂದು ಮಗು ತೀರಿಕೊಂಡಿತ್ತು. ಮಕ್ಕಳಿರುವ ಮನೆಯಲ್ಲಿ ಬಳಸಿದ ಮೇಲೆ ಸೇಫ್ಟಿ ಕೀ ತೆಗೆದು ಎತ್ತರದಲ್ಲಿಡಿ, ಪ್ಲಗ್ಗನ್ನೂ ತೆಗೆಯಿರಿ.

ಫ್ಲಾಟಿನಲ್ಲಿ ಇರುವವರು ಕೆಳಮನೆಯವರನ್ನೂ ನೆನೆಯಬೇಕು. ಮೋಟಾರಿನ ಸದ್ದು ಗಾಳಿಯಲ್ಲೇ ಕರಗುತ್ತದೆ. ಕೆಳಗೆ ಕೇಳುವುದು ಹೆಜ್ಜೆಯ ಧಬಧಬ. 8-10 ಮಿ.ಮೀ. ರಬ್ಬರ್ ಹಾಸು ಸ್ವಲ್ಪ ತಗ್ಗಿಸುತ್ತದೆ, ಪೂರ್ತಿ ನಿಲ್ಲಿಸುವುದಿಲ್ಲ. ತೊಲೆ ಹಾದುಹೋಗುವ ಕಡೆ, ಮೇಲೆ ಹೇಳಿದ ಅಂತರ ಬಿಟ್ಟು ಗೋಡೆಯ ಹತ್ತಿರಕ್ಕೆ ಇಟ್ಟರೆ ಕೋಣೆಯ ನಡುವಿಗಿಂತ ಕಡಿಮೆ ಅದುರುತ್ತದೆ. ಇನ್ನು ಸಾಗಣೆ: ಬಜೆಟ್ ಯಂತ್ರ 35-55 ಕೆ.ಜಿ., ಇಬ್ಬರು ಎತ್ತಬಹುದು. ದುಬಾರಿಯದು ನೂರು ಕೆ.ಜಿ. ದಾಟುತ್ತದೆ. ಲಿಫ್ಟಿನ ಒಳ ಅಳತೆ ಮತ್ತು ಮೆಟ್ಟಿಲ ತಿರುವನ್ನು ಮೊದಲೇ ಅಳೆದಿಡಿ.

ವಾರಂಟಿ ಓದುವ ಬಗೆ

'ಮೋಟಾರಿಗೆ 5 ವರ್ಷ' ಎಂಬ ಸಾಲಿಗೆ ಮರುಳಾಗಬೇಡಿ. ಮೊದಲು ಕೆಡುವುದು ಬಹಳ ಸಲ ಮೋಟಾರಲ್ಲ, ಕಂಟ್ರೋಲ್ ಬೋರ್ಡು. ಆಮೇಲೆ ಬೆಲ್ಟು, ಸ್ಪೀಡ್ ಸೆನ್ಸರ್. ಇವಕ್ಕೆ ಎಷ್ಟು ವರ್ಷ, ಕೂಲಿ ಯಾರದ್ದು, ವೋಲ್ಟೇಜ್ ಏರಿಳಿತದಿಂದ ಬೋರ್ಡು ಸುಟ್ಟರೆ ಕೊಡುತ್ತಾರೋ ಇಲ್ಲವೋ, ಇಷ್ಟನ್ನು ಬರಹದಲ್ಲಿ ಪಡೆಯಿರಿ. ಬೆಂಗಳೂರಿನಲ್ಲಿ ಎರಡು ದಿನಕ್ಕೆ ಬರುವ ಟೆಕ್ನಿಷಿಯನ್ ಹಾವೇರಿಗೋ ಚಾಮರಾಜನಗರಕ್ಕೋ ಬರಲು ಎಷ್ಟು ದಿನ, ಪ್ರಯಾಣದ ಖರ್ಚು ಯಾರದ್ದು ಎಂದೂ ಕೇಳಿ. ಸರ್ವಿಸ್ ಇಲ್ಲದ ಊರಿನಲ್ಲಿ ಎರಡು ಲಕ್ಷದ ಯಂತ್ರಕ್ಕಿಂತ, ಪಕ್ಕದ ಪಟ್ಟಣದಲ್ಲಿ ಬಿಡಿಭಾಗ ಸಿಗುವ ಮೂವತ್ತು ಸಾವಿರದ ಯಂತ್ರ ಮೇಲು.

ಹಾಗಾದರೆ ಯಾರಿಗೆ ಯಾವುದು

75 ಕೆ.ಜಿ. ಒಳಗಿನ ಒಬ್ಬಿಬ್ಬರು, ವಾರಕ್ಕೆ ಒಟ್ಟು ನಾಲ್ಕೈದು ಗಂಟೆ, ನಡಿಗೆ ಮತ್ತು ಅಪರೂಪಕ್ಕೆ ಜಾಗಿಂಗ್: 25ರಿಂದ 35 ಸಾವಿರದ್ದು ಸಾಕು. ಇವರು ಎರಡು ಲಕ್ಷ ಕೊಟ್ಟರೆ ಅದು ಬರೀ ಶೋಕಿ. ಇಲ್ಲಿಯವರೆಗೆ ದಿನಾ ನಡೆಯುವ ಅಭ್ಯಾಸವೇ ಇಲ್ಲದವರು ಕೂಡ ಇಲ್ಲಿಂದಲೇ ಶುರು ಮಾಡಲಿ. ಹಾಗೆಂದು 15 ಸಾವಿರಕ್ಕೆ ಸಿಗುವ, ಹಿಡಿಕೆಯಿಲ್ಲದ ವಾಕಿಂಗ್ ಪ್ಯಾಡನ್ನು ವಯಸ್ಸಾದವರಿಗೆ ತರಬೇಡಿ, ಆಯ ತಪ್ಪಿದಾಗ ಹಿಡಿಯಲು ಏನೂ ಇರುವುದಿಲ್ಲ.

80-90 ಕೆ.ಜಿ.ಯವರು, ವಾರಕ್ಕೆ ಮೂರ್ನಾಲ್ಕು ದಿನ ಓಟ: ಇವರಿಗೆ ಎರಡೂ ತುದಿ ಬೇಡ. 60ರಿಂದ 90 ಸಾವಿರದ ನಡುವೆ 140 ಸೆಂ.ಮೀ. ಬೆಲ್ಟು, ನಿರಂತರ ಮೂರು ಎಚ್‌ಪಿ, 18 ಮಿ.ಮೀ. ಹಲಗೆ ಹುಡುಕಿ. ಪರದೆ ಚಿಕ್ಕದಿದ್ದಷ್ಟೂ ನಿಮ್ಮ ದುಡ್ಡು ಕಬ್ಬಿಣಕ್ಕೆ ಹೋಗಿದೆ ಎಂದು ತಿಳಿಯಿರಿ.

ನೂರು ಕೆ.ಜಿ. ಆಸುಪಾಸಿನವರು, ಅಥವಾ ಮನೆಯಲ್ಲಿ ಮೂರು ಜನ ದಿನಾ ಓಡುವವರು, ಮ್ಯಾರಥಾನ್ ತಯಾರಿಯವರು ಒಂದೂವರೆ ಲಕ್ಷದ ಮೇಲೆ ಕೊಟ್ಟರೂ ನಷ್ಟವಿಲ್ಲ. ಜಿಮ್ಮಿನಿಂದ ಬಿಕರಿಯಾಗುವ ಹಳೆಯ ಕಮರ್ಷಿಯಲ್ ಯಂತ್ರವೂ ಇವರಿಗೆ ಆಗಬಹುದು, ಆದರೆ ಒಂದು ಬದಿ ಸವೆದು ಹಲಗೆಯನ್ನು ಈಗಾಗಲೇ ತಿರುವಿ ಹಾಕಿದ್ದಾರೆಯೇ, ಬೋರ್ಡು ಈಗಲೂ ಸಿಗುತ್ತದೆಯೇ ನೋಡಿ. ಅಮೆರಿಕದಿಂದ ವಾಪಸಾಗುವವರು ಅಲ್ಲಿನ 120 ವೋಲ್ಟಿನ ಯಂತ್ರವನ್ನು ಕಂಟೇನರಿಗೆ ಹಾಕಿ ತರುವುದು ಬೇಡ. ಅದಕ್ಕೆ ಬೇಕಾಗುವ ದಪ್ಪ ಟ್ರಾನ್ಸ್‌ಫಾರ್ಮರಿನ ಗೋಳು, ಸಿಗದ ಬಿಡಿಭಾಗ ಎರಡೂ ಜೊತೆಗೆ ಬರುತ್ತವೆ.

ಅಗ್ಗದ್ದನ್ನು ಬಾಳಿಸುವುದು

ಬಜೆಟ್ ಯಂತ್ರಗಳು ಸಾಯುವ ಸಾಮಾನ್ಯ ಸರಣಿ ಇದು: ಬೆಲ್ಟಿನ ಕೆಳಗೆ ಎಣ್ಣೆ ಆರುತ್ತದೆ, ತಿಕ್ಕಾಟ ಹೆಚ್ಚುತ್ತದೆ, ಮೋಟಾರು ಹೆಚ್ಚು ಆಂಪ್ ಎಳೆಯುತ್ತದೆ, ಬೋರ್ಡು ಸುಡುತ್ತದೆ. ಕೆಲವು ನೂರು ರೂಪಾಯಿಯ ಸಿಲಿಕಾನ್ ಎಣ್ಣೆ ಹಾಕದ್ದಕ್ಕೆ ಸಾವಿರಗಟ್ಟಲೆ ದಂಡ.

ತಿಂಗಳಿಗೊಮ್ಮೆ ಪ್ಲಗ್ ತೆಗೆದು ಬೆಲ್ಟಿನ ಕೆಳಗೆ ಮಧ್ಯದವರೆಗೆ ಬೆರಳು ತೂರಿಸಿ ಸವರಿ. ಬೆರಳಿಗೆ ಜಿಡ್ಡು ಹತ್ತಿದರೆ ಸರಿ, ಒಣಗಿದ್ದರೆ ಎಣ್ಣೆ ಹಾಕುವ ಕಾಲ. ಎರಡೂ ಅಂಚು ಎತ್ತಿ, ಕಾಲು ಬೀಳುವ ಜಾಗದಲ್ಲಿ ಹಾವಿನ ಹರಿದಾಟದಂತೆ ಒಂದೊಂದು ಪಕ್ಕಕ್ಕೆ 10-15 ಮಿ.ಲೀ. ಬಿಡಿ. ಮೇಲೆ ಯಾರೂ ನಿಲ್ಲದೆ 4 ಕಿ.ಮೀ. ವೇಗದಲ್ಲಿ ಐದು ನಿಮಿಷ ಓಡಿಸಿ. ಶುದ್ಧ ಸಿಲಿಕಾನ್ ಎಣ್ಣೆಯೇ ಆಗಬೇಕು. ಕೊಬ್ಬರಿ ಎಣ್ಣೆ, ಹೊಲಿಗೆ ಯಂತ್ರದ ಎಣ್ಣೆ, ಡಬ್ಲ್ಯುಡಿ-40 ಹಾಕಿದರೆ ಬೆಲ್ಟು ಹಾಳು. ಕೆಲವು ದುಬಾರಿ ಯಂತ್ರಗಳ ಹಲಗೆಗೆ ಮೇಣದ ಲೇಪ ಇರುತ್ತದೆ, ಅವಕ್ಕೆ ಎಣ್ಣೆಯೇ ಬೇಡ. ಕೈಪಿಡಿ ನೋಡಿ.

ಬೆಲ್ಟು ಎಡಕ್ಕೆ ಸರಿಯುತ್ತಿದ್ದರೆ 5 ಕಿ.ಮೀ. ವೇಗದಲ್ಲಿ ಖಾಲಿ ಓಡಿಸುತ್ತಾ ಹಿಂದಿನ ಎಡ ಬೋಲ್ಟನ್ನು ಅಲೆನ್ ಕೀಲಿಯಿಂದ ಗಡಿಯಾರದ ದಿಕ್ಕಿಗೆ ಕಾಲು ಸುತ್ತು ತಿರುಗಿಸಿ, ಒಂದು ನಿಮಿಷ ಕಾಯಿರಿ. ಬಲಕ್ಕೆ ಸರಿದರೆ ಬಲ ಬೋಲ್ಟು. ಒಂದೇ ಸಲ ಪೂರ್ತಿ ಸುತ್ತು ತಿರುಗಿಸಿದವರು ಸಂಜೆಯವರೆಗೆ ಸರಿಮಾಡುತ್ತಾ ಕೂರುತ್ತಾರೆ. ನಿಲ್ಲಿಸಿದಾಗ ನಡುವಿನಲ್ಲಿ ಬೆಲ್ಟು 5-7 ಸೆಂ.ಮೀ. ಎತ್ತಲು ಬಂದರೆ ಬಿಗಿ ಸರಿಯಾಗಿದೆ. ಅದಕ್ಕಿಂತ ಬಿಗಿದರೆ ಬೇರಿಂಗ್ ಹೋಗುತ್ತದೆ.

ನಡೆಯುವಾಗ ಬೆಲ್ಟು ತಡೆದು ತಡೆದು ಜಿಗಿದರೆ ಕವರ್ ಬಿಚ್ಚಿ, ಕೈ ದೂರ ಇಟ್ಟು ನೋಡಿ. ಮುಂದಿನ ರೋಲರು ತಿರುಗುತ್ತಿದ್ದು ಬೆಲ್ಟು ಮಾತ್ರ ನಿಂತರೆ ನಡೆಯುವ ಬೆಲ್ಟು ಸಡಿಲ, ಎರಡೂ ಬೋಲ್ಟನ್ನು ಸಮನಾಗಿ ಕಾಲು ಸುತ್ತು ಬಿಗಿ ಮಾಡಿ. ರೋಲರೂ ನಿಂತು ಮೋಟಾರು ಮಾತ್ರ ತಿರುಗುತ್ತಿದ್ದರೆ ಮೋಟಾರಿನಿಂದ ರೋಲರಿಗೆ ಹೋಗುವ ಗೀರು ಬೆಲ್ಟು ಸಡಿಲ. ಮೋಟಾರೇ ನಿಂತರೆ ಟೆಕ್ನಿಷಿಯನ್ ಬರಲಿ. ಕವರ್ ಬಿಚ್ಚಿದಾಗಲೇ, ಪ್ಲಗ್ ತೆಗೆದು, ಮೋಟಾರಿನ ಸುತ್ತಲ ಧೂಳನ್ನು ಒಣ ಬ್ರಷ್ಷಿನಲ್ಲಿ ತೆಗೆಯಿರಿ. ಇಲಿ ಕಡಿದ ತಂತಿ, ಬೋರ್ಡಿನ ಮೇಲೆ ಸತ್ತ ಹಲ್ಲಿ ಅಲ್ಲೇ ಸಿಗುವುದು.

ಮೊದಲ ದಿನ ಜೋಡಿಸಲು ಬಂದವರನ್ನು ಬೇಗ ಕಳಿಸಬೇಡಿ. ಬೆಲ್ಟಿನ ಕೆಳಗೆ ಬೆರಳು ತೂರಿಸಿ ನೋಡಿ, ಒಣಗಿದ್ದರೆ ಅವರ ಕೈಯಲ್ಲೇ ಎಣ್ಣೆ ಹಾಕಿಸಿ. ಸೀಮೆಸುಣ್ಣದ ಎಣಿಕೆ ಇನ್ನೊಮ್ಮೆ ಮಾಡಿ, ಅಂಕಿಯನ್ನು ಕೈಪಿಡಿಯ ಹಿಂದೆ ತಾರೀಖಿನ ಸಮೇತ ಬರೆದಿಡಿ. ಯಂತ್ರವನ್ನು ವಾಪಸು ಕೊಡುವ ಅವಧಿ ಮುಗಿಯುವವರೆಗೆ ರಟ್ಟಿನ ಡಬ್ಬವನ್ನು ಎಸೆಯಬೇಡಿ.